ಅನುಮಾನಕ್ಕನ ಬಲಗಾಲು

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಹೊಲಿಗೆ ಕಾರ್ಖಾನೆ ಸೇರಿ ಮೂರು ವರ್ಷ ಆಗುವುದರೊಳಗೆ ಆ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದು, ಎಲ್ಲರ ಬಾಯಲ್ಲೂ ಅವಳು ಅನುಮಾನಕ್ಕ ಆದಳು. ಹಾಲಿನವನು ಹಾಲು ಹುಯ್ದರೆ ಪಾತ್ರೆ ಬಗ್ಗಿಸಿ ತಳ ನೋಡುವಳು. ಅಂಗಡಿಯವನು ದಾರದ ಉಂಡೆ ಕೊಟ್ಟರೆ ತುದಿ ಹಿಡಿದು ಕಿವಿ ಹತ್ತಿರ ತಂದು ಟಕ್ ಅಂತ ಹರಿಯುವಳು. ಆ ಸದ್ದಿನಲ್ಲೇ ದಾರ ಹೊಸದೋ, ಗೋದಾಮಿನಲ್ಲಿ ಕೂತು ಹಳತಾದದ್ದೋ ಹೇಳುವಳು. ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದವಳು ವಾಪಸು ಬಂದು ಜಗ್ಗಿ ನೋಡುವಳು. ಮನೆಯೊಳಗೆ ಗಂಡ ಕೂತಿದ್ದರೂ ಸರಿಯೇ, ಹೊರಗಿಂದ ಬಾಗಿಲು ತಳ್ಳಿ ನೋಡುವಳು.

"ಮೊಸರಲ್ಲಿ ಕಲ್ಲು ಹುಡುಕೋ ಬುದ್ಧಿ ನಿಂದು," ಅಂತ ಗಂಡ ಬೈದರೆ, "ಎರಡು ಸಲ ಸಿಕ್ಕಿದೆಯಲ್ಲ!" ಅನ್ನುವಳು. ಸಿಕ್ಕಿದ್ದೂ ನಿಜವೇ.

ಆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದುದು ಹಸುಗೂಸುಗಳ ಬಟ್ಟೆ. ಉದ್ದನೆಯ ಹಜಾರ, ನಾಲ್ಕು ಸಾಲು ಮಷಿನು, ಪ್ರತಿ ಮಷಿನಿನ ತಲೆ ಮೇಲೊಂದು ಕೊಳವೆ ದೀಪ. ಕಿಟಕಿ ಸಾಲಿನಲ್ಲಿ ಐದನೆಯದು ಅನುಮಾನಕ್ಕನ ಮಷಿನು. ಮಗುವಿನ ಅಂಗಿಯ ಕುತ್ತಿಗೆ ಸುತ್ತ ಪಟ್ಟಿ ಕೂರಿಸುವುದು ಅವಳ ಕೆಲಸ. ಅಂಗೈಯಗಲದ ಒಂದು ಸುತ್ತು, ಅಷ್ಟೇ. ಆದರೆ ಒಂದು ಕಡೆ ಬಟ್ಟೆ ನಿರಿಗೆ ಹಿಡಿದರೆ ಸಾಕು, ಕೂಸಿನ ಕುತ್ತಿಗೆ ಕೆಂಪಾಗುತ್ತೆ. ಮಷಿನು ಓಡುವುದು ಕರೆಂಟಿನಲ್ಲಿ, ಓಡಿಸುವುದು ಬಲಗಾಲು. ಮುಂಗಾಲು ಒತ್ತಿದರೆ ಓಡುತ್ತೆ, ಹಿಮ್ಮಡಿ ಒತ್ತಿದರೆ ನಿಲ್ಲುತ್ತೆ. ಎಷ್ಟು ಒತ್ತಿದರೆ ಎಷ್ಟು ಓಟ ಅನ್ನುವುದು ಅಂಗಾಲಿಗೇ ಗೊತ್ತಾಗಬೇಕು. ಅದಕ್ಕೇ ಅವಳು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂರುವಳು. "ಚಪ್ಪಲಿ ಹಾಕ್ಕೊಂಡು ಹೊಲಿಯೋದೂ ಒಂದೇ, ಕೈಗೆ ಚೀಲ ಕಟ್ಕೊಂಡು ಮಗು ತಲೆ ಸವರೋದೂ ಒಂದೇ," ಅನ್ನುವುದು ಅವಳ ಮಾತು.

ಆಣಿ ಬಂದಿದ್ದು ಆ ಬಲಗಾಲಿಗೇ. ಕಿರುಬೆರಳ ಬುಡದಲ್ಲಿ, ಅಂಗಾಲಿನ ಕಡೆ. ಮೊದಲ ದಿನ ಅವಳು ಚಪ್ಪಲಿ ಕೊಡವಿದಳು. ಯಾರೋ ಬೇಕಂತಲೇ ಕಲ್ಲು ಹಾಕಿದ್ದಾರೆ ಅಂತ ಅನುಮಾನ. ಎರಡನೇ ದಿನ ಪೆಡಲಿನ ಮೇಲಿನ ರಬ್ಬರು ಎತ್ತಿ ನೋಡಿದಳು. ಮೂರನೇ ದಿನ ಮನೆಯಲ್ಲಿ ಕಾಲನ್ನೇ ಎತ್ತಿ ನೋಡಿದರೆ ಜೋಳದ ಕಾಳಿನಷ್ಟು ಗಟ್ಟಿ, ನಡುವೆ ಗಾಜಿನ ಹಾಗೆ ಹೊಳೆಯುವ ಒಂದು ಚುಕ್ಕಿ.

"ಆಣಿ ಕಣೇ ಅದು," ಅಂದರು ಯಜಮಾನರು, ಅವಳ ಗಂಡ, ಮಂಚದ ಮೇಲಿಂದಲೇ.

ಅವರಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು! ಬಸ್ಸು ರಿಪೇರಿ ಶೆಡ್ಡಿನಲ್ಲಿ ನಿಂತು ಕೆಲಸ ಮಾಡಿದ ಮನುಷ್ಯ. ಅವರಿಗೂ ಎಡಗಾಲಲ್ಲಿ ಇಂಥದ್ದೇ ಒಂದು ಆಣಿ ಆಗಿತ್ತು. ಕ್ಷೌರದಂಗಡಿ ಇಟ್ಟಿದ್ದ ಬಾಲ್ಯದ ಗೆಳೆಯ, "ಬಾರಯ್ಯ, ಗಡ್ಡ ಹೆರೆಯೋದಕ್ಕಿಂತ ಸಲೀಸು," ಅಂತ ಕುರ್ಚಿಯಲ್ಲಿ ಕೂರಿಸಿ ಬ್ಲೇಡಿನಲ್ಲಿ ಹೆರೆದ. ಗೆಳೆಯ ಕೆಟ್ಟವನಲ್ಲ. ಬ್ಲೇಡೂ ಹೊಸದೇ ಇದ್ದೀತು. ಆ ಮೈಯೊಳಗೆ ಸಕ್ಕರೆ ಕಾಯಿಲೆ ಕೂತಿತ್ತು ಅನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ. ಗಾಯ ನೋಯಲಿಲ್ಲ. ನೋಯಲಿಲ್ಲ ಅಂತ ಯಾರೂ ನೋಡಲಿಲ್ಲ. ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಹೋದರೆ ಡಾಕ್ಟರು ಕಾಲನ್ನು ಅಲ್ಲಲ್ಲಿ ಚುಚ್ಚಿ, "ಗೊತ್ತಾಗುತ್ತಾ? ಇಲ್ಲಿ ಗೊತ್ತಾಗುತ್ತಾ?" ಅಂತ ಕೇಳಿದರು. ಇವರು "ಇಲ್ಲ, ಇಲ್ಲ" ಅಂದರು. ಮಾರನೇ ವಾರ ಮೊಣಕಾಲ ಕೆಳಗೆ ಎಡಗಾಲೇ ಇರಲಿಲ್ಲ.

ಹಾಗಾಗಿ ಇಬ್ಬರಿರುವ ಮನೆಯಲ್ಲಿ ಮೂರೇ ಕಾಲು. ಆ ಮೂರರಲ್ಲಿ ಮನೆ ನಡೆಸುವುದು ಒಂದು. ಆ ಒಂದಕ್ಕೇ ಈಗ ಆಣಿ. ಅನುಮಾನಕ್ಕನಿಗೂ ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷವಾಗಿತ್ತು.

ಮೊದಲು ಹೋಗಿದ್ದು ಬೀದಿ ತುದಿಯ ಔಷಧಿ ಅಂಗಡಿಗೆ. ಅಂಗಡಿಯವನು ಕಾಲನ್ನು ನೋಡಲೂ ಇಲ್ಲ, ಗಾಜಿನ ಪೆಟ್ಟಿಗೆಯಿಂದ ಅಂಟುಪಟ್ಟಿಯ ಒಂದು ಡಬ್ಬಿ ತೆಗೆದು ಮುಂದಿಟ್ಟ. "ಆಣಿ ಮೇಲೆ ಅಂಟಿಸಿ ಅಮ್ಮಾ, ನಾಲ್ಕು ದಿನಕ್ಕೆ ಕರಗಿ ಹೋಗುತ್ತೆ."

ಅವಳು ತಂದಳು. ಆದರೆ ಅಂಟಿಸಲಿಲ್ಲ. ಗಟ್ಟಿ ಚರ್ಮವನ್ನು ಕರಗಿಸುವಂಥದ್ದು ಮೆತ್ತಗಿರುವ ಚರ್ಮವನ್ನು ಸುಮ್ಮನೆ ಬಿಡುತ್ತಾ ಅನ್ನುವುದು ಅವಳ ಪ್ರಶ್ನೆ. ಮಾರನೇ ದಿನ ಡಬ್ಬಿಯನ್ನು ಕಾರ್ಖಾನೆಗೆ ಒಯ್ದು ಪಕ್ಕದ ಮಷಿನಿನವಳ ಕೈಗಿಟ್ಟಳು. ಆ ಹೆಂಗಸು ಹತ್ತನೇ ಕ್ಲಾಸು ಓದಿದವಳು. ಬೆಳಗ್ಗೆ ಗಂಟೆ ಹೊಡೆದಾಗ ಶುರುವಾದ ಮಾತು ಸಂಜೆ ಗಂಟೆಗೇ ನಿಲ್ಲುತ್ತಿದ್ದುದರಿಂದ ಎಲ್ಲರೂ ಅವಳನ್ನು ಗಿಣಿ ಅನ್ನುತ್ತಿದ್ದರು.

ಒಳಗೆ ಮಡಿಸಿಟ್ಟಿದ್ದ ಕಾಗದ ಬಿಡಿಸಿ, ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟು ಗಿಣಿ ಓದಿದಳು. "ಸಕ್ಕರೆ ಕಾಯಿಲೆ ಇರುವವರು ಬಳಸಬಾರದು ಅಂತ ಇದೆ ಅಕ್ಕಾ. ದಪ್ಪಕ್ಷರದಲ್ಲಿ ಇದೆ. ದಪ್ಪ ಅಂದ್ರೆ, ಇರುವೆಗಳಲ್ಲಿ ಸ್ವಲ್ಪ ದಪ್ಪ ಇರುವೆ."

ಸಂಜೆ ಅನುಮಾನಕ್ಕ ಅಂಗಡಿ ಮುಂದೆ ನಿಂತಳು. "ನಾನು ಸಕ್ಕರೆ ಮಾತ್ರೆ ಯಾರ ಹತ್ತಿರ ತಗೊಳ್ಳೋದು?"

"ನಮ್ಮ ಹತ್ತಿರಾನೇ ಅಮ್ಮಾ, ತಿಂಗಳು ತಿಂಗಳು."

"ಹಾಗಾದ್ರೆ ಈ ಪಟ್ಟಿ ನನಗೆ ಯಾಕೆ ಕೊಟ್ರಿ?"

"ನಾನೇನು ಡಾಕ್ಟರಾ? ಕೇಳಿದ್ರಿ, ಕೊಟ್ಟೆ. ನಾನೇನು ನಿಮಗೆ ವಿಷ ಕೊಟ್ನಾ?"

"ವಿಷದ ಮಾತು ನಾನು ಎತ್ತಲಿಲ್ಲವಲ್ಲ," ಅಂದಳು ಅವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಿರಾಕಿ ಇವನು ಅಂತ ಮನಸ್ಸಿನಲ್ಲಿ ಬರೆದುಕೊಂಡು, ಪಟ್ಟಿಯನ್ನು ಅಲ್ಲೇ ಬಿಟ್ಟು ಬಂದಳು.

ಇನ್ನು ಗಿಣಿಯ ಸರದಿ. "ಬೇರು ಕೀಳೋನು ಒಬ್ಬ ಇದ್ದಾನೆ ಅಕ್ಕಾ, ಬಸ್ ನಿಲ್ದಾಣದ ಹಿಂದೆ. ನಮ್ಮ ಚಿಕ್ಕಮ್ಮನ ಕಾಲಿಂದ ಆರು ಬೇರು ಕಿತ್ತ!"

"ಆರಾ? ನಿಮ್ಮ ಚಿಕ್ಕಮ್ಮನದು ಕಾಲೋ, ಆಲದ ಮರವೋ?"

"ನಗಬೇಡಿ ಅಕ್ಕಾ, ತಟ್ಟೆಯಲ್ಲಿ ಹಾಕಿ ತೋರಿಸಿದನಂತೆ."

"ಈಗ ಹೇಗಿದ್ದಾರೆ?"

"ಮತ್ತೆ ಬಂದಿದೆ. ಏಳನೇದು ಒಳಗೇ ಉಳಿದಿತ್ತಂತೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವಳು ಗಿಣಿ. ಆದರೂ ಆಣಿ ಎಷ್ಟು ನೋಯುತ್ತಿತ್ತೆಂದರೆ, ಭಾನುವಾರ ಇಬ್ಬರೂ ಹೋದರು. ನೋಡಿ ಬರೋದಕ್ಕೆ ಏನು ತೊಂದರೆ, ಮುಟ್ಟಿಸಿಕೊಂಡರೆ ತಾನೇ!

ಕಿರಿದಾದ ಕೋಣೆ. ಗೋಡೆ ತುಂಬ ಕಾಲುಗಳ ಫೋಟೊ. ಬಿಳಿ ಕೋಟು ತೊಟ್ಟವನು ಒಬ್ಬ ಲಾರಿ ಡ್ರೈವರನ ಕಾಲನ್ನು ತೊಡೆ ಮೇಲಿಟ್ಟುಕೊಂಡಿದ್ದ. ಆಣಿ ಮೇಲೆ ಒಂದು ಕೊಂಬಿನ ಕೊಳವೆ ಇಟ್ಟು, ಇನ್ನೊಂದು ತುದಿಗೆ ಬಾಯಿ ಹಚ್ಚಿ ಎಳೆದ. ಕಣ್ಣು ಮುಚ್ಚಿ, ಕೆನ್ನೆ ಒಳಗೆ ಹೋಗುವ ಹಾಗೆ ಎಳೆದ. ಆಮೇಲೆ ಚಿಮಟಿಗೆಯಿಂದ ಏನೋ ಹಿಡಿದು, ಒಂದಿಂಚು ಉದ್ದದ ಬೆಳ್ಳನೆಯ ಎಳೆಯನ್ನು ತಟ್ಟೆಗೆ ಹಾಕಿದ. "ನೋಡಿ, ಬೇರು!" ಡ್ರೈವರನ ಕಣ್ಣು ಅರಳಿತು. ಗಿಣಿಯ ಬಾಯಿ ತೆರೆದೇ ಇತ್ತು.

ಅನುಮಾನಕ್ಕ ನೋಡುತ್ತಿದ್ದುದು ಅವನ ಕೆನ್ನೆಯನ್ನು. ಎಳೆಯುವ ಮುಂಚೆ ಬಲಗೆನ್ನೆ ಒಂಚೂರು ಉಬ್ಬಿತ್ತು, ಎಳೆದ ಮೇಲೆ ಉಬ್ಬಿರಲಿಲ್ಲ. ಅವನು ಹತ್ತಿ ತರಲು ತಿರುಗಿದಾಗ ಅವಳು ತಟ್ಟೆಗೆ ಕೈ ಹಾಕಿದಳು.

"ಅಮ್ಮಾ, ಮುಟ್ಟಬೇಡಿ! ಅದು ವಿಷ!"

ಅಷ್ಟರಲ್ಲಿ ಎಳೆ ಅವಳ ಹೆಬ್ಬೆರಳು ತೋರುಬೆರಳ ನಡುವೆ ಇತ್ತು. ಒಂದು ಸಲ ಹೊಸೆದಳು, ಗಂಜಿ ಬಿಟ್ಟಿತು. ಹುರಿಗೆ ಎದುರಾಗಿ ತಿರುವಿದಳು, ಬಿಚ್ಚಿಕೊಂಡಿತು. ಬೆಳಕಿಗೆ ಹಿಡಿದು ಹೇಳಿದಳು: "ನಲವತ್ತನೇ ನಂಬರು. ಎರಡೆಳೆ ಹತ್ತಿ. ಅಯ್ಯಾ, ಮನುಷ್ಯರ ಕಾಲಲ್ಲಿ ದಾರ ಬೆಳೆಯುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದಿದ್ರೆ ಅಂಗಡಿಯಲ್ಲಿ ಯಾಕೆ ತಗೊಳ್ತಿದ್ದೆ?"

ಡ್ರೈವರು ತನ್ನ ಕಾಲನ್ನು ಸರಕ್ಕನೆ ಎಳೆದುಕೊಂಡ. ಮುಂದೆ ಅಲ್ಲಿ ಏನಾಯಿತೋ, ಇವರಿಬ್ಬರೂ ಕೇಳಲು ನಿಲ್ಲಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದಾಗ ಯಜಮಾನರು ನಕ್ಕರು, ನಕ್ಕೂ ನಕ್ಕೂ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಕೇಳಿದರು:

"ಸಕ್ಕರೆ ಡಾಕ್ಟರು ಬರೆದುಕೊಟ್ಟ ಚೀಟಿ ಎಲ್ಲಿದೆ? ಪಾದದ ಡಾಕ್ಟರಿಗೆ ತೋರಿಸಿ ಅಂತ?"

"ಡಬ್ಬದಲ್ಲಿದೆ."

"ಆರು ತಿಂಗಳಿಂದ ಡಬ್ಬಕ್ಕೆ ತೋರಿಸ್ತಿದ್ದೀಯಾ?"

"ಆ ಡಾಕ್ಟರೂ ಈ ಡಾಕ್ಟರೂ ಒಂದೇ ಆಸ್ಪತ್ರೆ ರೀ. ಇವರು ಅವರಿಗೆ ಕಳಿಸೋದು, ಅವರು ಇವರಿಗೆ ಕಳಿಸೋದು. ಒಳಗೊಳಗೆ ಏನಿದೆಯೋ!"

ಯಜಮಾನರು ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ನೋಡೇ, ನನ್ನ ಕಾಲು ನಂಬಿ ಹೋಯ್ತು. ನಿನ್ನ ಕಾಲು ನಂಬದೇ ಹೋಗುತ್ತೆ."

ಅವಳು ನಾಲ್ಕೈದು ದಿನ ಕಳೆದ ಮೇಲೆ ಡಬ್ಬ ತೆಗೆದಳು.

ಆಸ್ಪತ್ರೆಗೆ ಒಬ್ಬಳೇ ಹೋದಳು. ಗಿಣಿಗೂ ಅವಳಿಗೂ ಆ ಹೊತ್ತಿಗೆ ಮಾತು ಬಿಟ್ಟಿತ್ತು. ಯಾಕೆ ಅನ್ನುವುದು ಮುಂದೆ ಬರುತ್ತೆ. ಪಾದದ ಡಾಕ್ಟರ ಕೋಣೆ ಎರಡನೇ ಮಹಡಿಯಲ್ಲಿ, ಲಿಫ್ಟಿನ ಮುಂದೆ ಮೈಲುದ್ದ ಸಾಲು. ಕಾಲು ನೋವಿನವರನ್ನು ಮೆಟ್ಟಿಲು ಹತ್ತಿಸಿ, ನೋವು ಹೆಚ್ಚು ಮಾಡಿಸಿ, ಆಮೇಲೆ ಒಳಗೆ ಕರೆಯುವ ಉಪಾಯ ಇದು ಅಂತ ಅವಳಿಗೆ ಮೊದಲನೇ ಮಹಡಿಯಲ್ಲೇ ಖಾತ್ರಿ ಆಯಿತು.

ಮೊದಲ ದಿನ ಅವಳು ಚೀಟಿ ಕೊಡಲೇ ಇಲ್ಲ. ಎದುರು ಬೆಂಚಿನಲ್ಲಿ ಕೂತು, ಒಳಗೆ ಹೋಗುವವರು ಹೇಗೆ ನಡೆದು ಹೋಗುತ್ತಾರೆ, ಹೊರಗೆ ಬರುವವರು ಹೇಗೆ ನಡೆದು ಬರುತ್ತಾರೆ ಅಂತ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದಳು. ಏಳು ಜನ ಹೋಗಿ ಬಂದರು. ಐವರು ಹಗುರಾಗಿ ಬಂದರು. ಒಬ್ಬ ಹೋದ ಹಾಗೇ ಬಂದ. ಒಬ್ಬ ಮೇಷ್ಟ್ರು ಮಾತ್ರ ಹೋಗುವಾಗಲೇ ನೆಟ್ಟಗೆ ನಡೆಯುತ್ತಿದ್ದರು.

"ನಿಮಗೇನಾಗಿದೆ ಮೇಷ್ಟ್ರೇ?" ಅಂತ ಅವರು ಬಂದಾಗ ಕೇಳಿದಳು.

"ಈಗೇನೂ ಇಲ್ಲಮ್ಮಾ. ಮೂರನೇ ಸಲ, ತೋರಿಸಿಕೊಂಡು ಹೋಗೋಣ ಅಂತ."

"ಏನೂ ಇಲ್ಲದವರನ್ನ ಮೂರನೇ ಸಲ ಯಾಕೆ ಕರೀತಾರೆ?"

"ಏನೂ ಆಗದೇ ಇರಲಿ ಅಂತ," ಅಂದರು ಮೇಷ್ಟ್ರು.

ಮತ್ತೆ ಕರೆದರೆ ವಾಸಿಯಾಗಿಲ್ಲ ಅಂತಲೋ, ಕರೆಯದಿದ್ದರೆ ಕಾಳಜಿ ಇಲ್ಲ ಅಂತಲೋ, ಯಾವುದು ಸರಿ ಅಂತ ಅವಳು ಬಹಳ ಹೊತ್ತು ಯೋಚಿಸಿದಳು. ಬಗೆಹರಿಯಲಿಲ್ಲ. ಅಷ್ಟರಲ್ಲಿ ಕಸ ಗುಡಿಸುವವಳು ಬಕೆಟ್ಟು ಹಿಡಿದು ಹೊರಗೆ ಬಂದಳು.

"ಏನಮ್ಮಾ, ಒಳಗೆ ಬ್ಲೇಡು ಒಂದನ್ನೇ ಎಲ್ಲರಿಗೂ ಹಾಕ್ತಾರಾ?"

"ಅಯ್ಯೋ ಇಲ್ಲಕ್ಕ, ಒಬ್ಬೊಬ್ಬರಿಗೆ ಒಂದೊಂದು. ಆದಮೇಲೆ ಗಟ್ಟಿ ಡಬ್ಬಿಗೆ ಹಾಕಿಬಿಡ್ತಾರೆ, ನಾನು ಮುಟ್ಟೋ ಹಾಗಿಲ್ಲ."

"ಮುಟ್ಟೋ ಹಾಗಿಲ್ಲ ಅಂದ್ಮೇಲೆ ಒಬ್ಬೊಬ್ಬರಿಗೆ ಒಂದು ಅಂತ ನಿನಗೆ ಹೇಗೆ ಗೊತ್ತು?"

ಗುಡಿಸುವವಳು ಸೊಂಟದ ಮೇಲೆ ಕೈಯಿಟ್ಟಳು. "ಪೊಲೀಸರಾ ನೀವು? ಹರಿದ ಕವರು ಗುಡಿಸೋಳು ನಾನೇ ತಾನೆ! ನೋಡ್ಕೊಳ್ಳಿ."

ಅನುಮಾನಕ್ಕ ನೋಡಿಕೊಂಡಳು. ಬಕೆಟ್ಟಿನಲ್ಲಿ ಬ್ಲೇಡಿನ ಹರಿದ ಕವರು ಆರು. ಮೇಷ್ಟ್ರನ್ನು ಬಿಟ್ಟರೆ ಆರೇ ಜನ. ಲೆಕ್ಕ ಸರಿ ಹೋಗಿದ್ದು ಅವಳಿಗೆ ಅಷ್ಟೇನೂ ಇಷ್ಟವಾಗಲಿಲ್ಲ. ನಡುವೆ ಭಾನುವಾರ ಕಳೆದು, ಸೋಮವಾರ ಚೀಟಿ ಕೊಟ್ಟಳು.

ಡಾಕ್ಟರು ಮೂವತ್ತು ದಾಟಿರದ ಹೆಂಗಸು. ಕೂದಲು ಬಿಗಿಯಾಗಿ ಕಟ್ಟಿದ್ದರು, ಮಾತು ನಿಧಾನ. ಇಷ್ಟು ಚಿಕ್ಕ ವಯಸ್ಸಿಗೆ ಎಷ್ಟು ಕಾಲು ನೋಡಿರಬಹುದು ಅಂತ ಒಂದು ಅನುಮಾನ. ಕಾಲು ನೋಡುವ ಮುಂಚೆ ಚಪ್ಪಲಿ ಕೊಡಿ ಅಂದಿದ್ದು ಇನ್ನೊಂದು. ಚಪ್ಪಲಿ ತಿರುಗಿಸಿ, ಎಲ್ಲಿ ಸವೆದಿದೆ ನೋಡಿ, ಡಾಕ್ಟರು ಕೇಳಿದರು: "ಬಲಗಾಲಲ್ಲಿ ಏನು ಕೆಲಸ ಮಾಡ್ತೀರಿ ಅಮ್ಮಾ?"

ಯಾರು ಹೇಳಿದರು ಇವರಿಗೆ? ಅನುಮಾನಕ್ಕ ಉತ್ತರ ಕೊಡುವ ಮುಂಚೆ ಬಾಗಿಲ ಕಡೆ ನೋಡಿದಳು. "ಹೊಲಿಗೆ ಮಷಿನು," ಅಂದಳು ಕೊನೆಗೆ.

"ಬರಿಗಾಲಲ್ಲಾ?"

"ಹೂಂ."

ಡಾಕ್ಟರು ಆಣಿ ನೋಡಿದರು, ಆದರೆ ಅದಕ್ಕೆ ಕೈ ಹಾಕಲಿಲ್ಲ. ಡ್ರಾಯರು ಎಳೆದು ಒಂದು ಹಿಡಿಕೆ ತೆಗೆದರು. ಹಿಡಿಕೆಯ ತುದಿಯಲ್ಲಿ ಒಂದು ದಾರ.

ಅನುಮಾನಕ್ಕ ಕಾಲನ್ನು ಕುರ್ಚಿ ಕೆಳಗೆ ಎಳೆದುಕೊಂಡಳು. "ಇಲ್ಲೂ ದಾರಾನಾ?"

"ಯಾಕಮ್ಮಾ?"

"ತನ್ನಿ ಇಲ್ಲಿ, ನೋಡ್ತೀನಿ."

ಡಾಕ್ಟರು ಕೊಟ್ಟೇಬಿಟ್ಟರು. ಅದನ್ನು ಅವಳು ನಿರೀಕ್ಷೆ ಮಾಡಿರಲಿಲ್ಲ. ಬೆರಳಲ್ಲಿ ಹೊಸೆದಳು, ಹುರಿ ಇಲ್ಲ. ಬಾಗಿಸಿದಳು, ಬಿಲ್ಲಿನ ಹಾಗೆ ಬಾಗಿ ನೆಟ್ಟಗಾಯಿತು. "ನೈಲಾನು. ಒಂಟಿ ಎಳೆ," ಅಂತ ವಾಪಸು ಕೊಟ್ಟಳು. "ಏನು ಮಾಡ್ತೀರಿ ಇದರಲ್ಲಿ?"

"ಕಾಲಿಗೆ ಇದನ್ನ ಮುಟ್ಟಿಸ್ತೀನಿ. ಗೊತ್ತಾದಾಗ ಹೂಂ ಅನ್ನಿ. ಕಣ್ಣು ಮುಚ್ಚಬೇಕು."

ಕಣ್ಣು ಮುಚ್ಚಬೇಕಂತೆ! ಆದರೆ ಅವಳು ಹೆದರಿದ್ದು ಕಣ್ಣು ಮುಚ್ಚಬೇಕು ಅನ್ನುವುದಕ್ಕಲ್ಲ. ಗಂಡನನ್ನು ಕೇಳಿದ್ದೂ ಹೀಗೇ ಅಲ್ಲವೇ? ಗೊತ್ತಾಗುತ್ತಾ, ಗೊತ್ತಾಗುತ್ತಾ. "ಇಲ್ಲ" ಅಂದವರ ಕಾಲು ಹೋಗುತ್ತೆ. ಬಾಯಿಂದ "ಇಲ್ಲ" ಬರಕೂಡದು ಅಂತ ಅವಳು ಆ ಕ್ಷಣವೇ ತೀರ್ಮಾನ ಮಾಡಿದಳು.

ಕಣ್ಣು ಮುಚ್ಚಿದಳು. ಕಿರುಬೆರಳಿಗೆ ತಾಕಿತು. "ಹೂಂ." ಆಣಿ ಪಕ್ಕ ತಾಕಿತು. "ಹೂಂ." ನಡುಪಾದ, "ಹೂಂ." ಆಮೇಲೆ ಏನೂ ತಾಕಲಿಲ್ಲ. ಆದರೆ ವರ್ಷಾನುಗಟ್ಟಲೆ ಮಷಿನಿನ ಓಟಕ್ಕೆ ಪಳಗಿದ ಮೈ ಅದು. ಎಷ್ಟು ಹೊತ್ತಿಗೊಂದು ಸಲ ಮುಟ್ಟಿಸುತ್ತಾರೆ ಅನ್ನುವ ತಾಳ ಸಿಕ್ಕಿಬಿಟ್ಟಿತ್ತು. ತಾಳಕ್ಕೆ ಸರಿಯಾಗಿ "ಹೂಂ" ಅಂದಳು. ಮತ್ತೆ "ಹೂಂ". ಮತ್ತೊಂದು "ಹೂಂ".

"ಅಮ್ಮಾ, ಕಣ್ಣು ಬಿಡಿ," ಅಂದರು ಡಾಕ್ಟರು. ದಾರ ಮೇಜಿನ ಮೇಲಿತ್ತು. ಡಾಕ್ಟರ ಎರಡು ಕೈಯೂ ಮಡಿಲಲ್ಲಿದ್ದವು. "ಕೊನೆಯ ಮೂರು ಸಲ ನಾನು ಮುಟ್ಟಲೇ ಇಲ್ಲ."

ಅನುಮಾನಕ್ಕನ ಮುಖ ಬೆಂದುಹೋಯಿತು. ಇಷ್ಟು ವರ್ಷ ಎಲ್ಲರ ಕಳ್ಳತನ ಹಿಡಿದವಳು ತಾನೇ ಸಿಕ್ಕಿಬಿದ್ದಿದ್ದಳು. ಡಾಕ್ಟರು ಬೈಯಲಿಲ್ಲ. ದೀಪವನ್ನು ಹತ್ತಿರ ಎಳೆದು ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿದರು. ಬಗ್ಗಿ ನೋಡಿದರು. ಚಿಮಟಿಗೆ ತೆಗೆದುಕೊಂಡು, ಏನನ್ನೋ ಹಿಡಿದು, ನೆಟ್ಟಗೆ ಎಳೆದು ಬಿಳಿ ಬಟ್ಟೆ ಮೇಲಿಟ್ಟರು. ಅರ್ಧ ಅಕ್ಕಿಕಾಳಿನಷ್ಟು ಉದ್ದದ ಲೋಹ.

"ಇದು ನಿಮ್ಮ ಹಿಮ್ಮಡಿಯಲ್ಲಿತ್ತು."

"ಸುಳ್ಳು! ನೀವೇ ಇಟ್ರಿ. ಅವನು ದಾರ ಇಟ್ಟ, ನೀವು ಕಬ್ಬಿಣ ಇಟ್ರಿ!"

"ಯಾರು ಅವನು ಅಂತ ನನಗೆ ಗೊತ್ತಿಲ್ಲ," ಅಂದರು ಡಾಕ್ಟರು. ಬಟ್ಟೆಯನ್ನು ಅವಳ ಕಡೆ ಸರಿಸಿದರು. "ಮುಟ್ಟಿ ನೋಡಿ."

ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ಸೂಜಿಯ ಮೊನೆ. ಮಷಿನಿನ ಸೂಜಿ. ಮೊನೆ ಚೂಪಲ್ಲ, ಒಂಚೂರು ಗುಂಡು. ಹೆಣೆದ ಬಟ್ಟೆಗೆ, ಅದೂ ಎಳೆಮಕ್ಕಳ ಬಟ್ಟೆಗೆ ಹಾಕುವ ಸೂಜಿ. ದಾರ ಪೋಣಿಸುವ ಕಣ್ಣಿನ ಅರ್ಧಕ್ಕೇ ಮುರಿದಿದೆ, ಮುರಿದ ಜಾಗ ಓರೆಯಾಗಿದೆ. ಅವಳು ಬಟ್ಟೆಯನ್ನು ಇನ್ನೂ ಹತ್ತಿರ ಎಳೆದುಕೊಂಡಳು.

ಹೋದ ಮಂಗಳವಾರದ ಕಥೆ ಇಲ್ಲಿ ಹೇಳಬೇಕು. ಹಸುಗೂಸಿನ ಬಟ್ಟೆ ಹೊಲಿಯುವ ಕಡೆ ಸೂಜಿ ಮುರಿದರೆ ಆಟವಲ್ಲ. ಚೂರುಗಳನ್ನೆಲ್ಲ ಹುಡುಕಿ, ಒಂದು ಪುಸ್ತಕದ ಹಾಳೆಗೆ ಟೇಪು ಹಾಕಿ ಅಂಟಿಸಿ, ಪೂರ್ತಿ ಸೂಜಿ ಆಯಿತು ಅಂತ ತೋರಿಸಿದ ಮೇಲೇ ಹೊಸ ಸೂಜಿ ಕೊಡುವುದು. ಮಂಗಳವಾರ ಅನುಮಾನಕ್ಕನ ಸೂಜಿ ಮುರಿಯಿತು. ಎರಡು ಚೂರು ಸಿಕ್ಕಿತು, ಮೊನೆ ಸಿಗಲಿಲ್ಲ. ಅಯಸ್ಕಾಂತ ಹಿಡಿದು ನೆಲ ಗುಡಿಸಿದರು, ಅರವತ್ತು ಅಂಗಿ ಒಂದೊಂದಾಗಿ ಕೊಡವಿದರು. ಆ ಕಟ್ಟು ಪೂರ್ತಿ ಕಳಿಸದೆ ತಡೆಹಿಡಿದರು. "ಗಿಣಿ ಕಡೆ ಹಾರಿತು, ನಾನು ನೋಡಿದೆ. ಬೈಗುಳ ತಪ್ಪಿಸ್ಕೊಳ್ಳೋಕೆ ಮುಚ್ಚಿಟ್ಟಿದ್ದಾಳೆ," ಅಂತ ಅನುಮಾನಕ್ಕ ಇಡೀ ಸಾಲಿಗೆ ಕೇಳುವ ಹಾಗೆ ಅಂದಳು. ಗಿಣಿ ಅವತ್ತು ಬಾಯಿ ಮುಚ್ಚಿದವಳು ಇವತ್ತಿನವರೆಗೂ ತೆಗೆದಿರಲಿಲ್ಲ.

ಬೇರು ಕೀಳುವವನು ದಾರ ಎಲ್ಲಿಂದಾದರೂ ತಂದಾನು. ಮಂಗಳವಾರ ತನ್ನ ಮಷಿನಿನಲ್ಲಿ ಮುರಿದ ಮೊನೆಯನ್ನು ಈ ಡಾಕ್ಟರು ಎಲ್ಲಿಂದ ತರುತ್ತಾರೆ?

"ಡಾಕ್ಟ್ರೇ, ನಿಮ್ಮ ಹತ್ತಿರ ಟೇಪು ಇದೆಯಾ?"

"ಟೇಪಾ?"

"ಅಂಟಿಸಬೇಕು. ಪುಸ್ತಕಕ್ಕೆ ಕೊಡಬೇಕು ಇದನ್ನ."

ಡಾಕ್ಟರು ಗಾಯದ ಪಟ್ಟಿ ಕೊಟ್ಟರು. ಅವಳು ಮೊನೆಯನ್ನು ಅದರಲ್ಲಿ ಅಂಟಿಸಿ, ಮಡಿಸಿ, ರವಿಕೆಯೊಳಗೆ ಇಟ್ಟಳು. ಆಮೇಲೆ ನೆಲ ನೋಡುತ್ತಾ ಹೇಳಿದಳು: "ಆರು ದಿನ ಇದರ ಮೇಲೇ ನಡೆದಿದ್ದೀನಿ. ನನಗೆ ಗೊತ್ತಾಗಲಿಲ್ಲ. ಹಿಮ್ಮಡಿ ಗೊತ್ತಾಗಲ್ಲ. ಹೆಬ್ಬೆರಳೂ ಗೊತ್ತಾಗಲ್ಲ. ಎಷ್ಟು ದಿನದಿಂದ ಅಂತ ಕೇಳಬೇಡಿ, ನಾನೇ ನನಗೆ ಹೇಳ್ಕೊಂಡಿಲ್ಲ." ತಲೆ ಎತ್ತಿದಳು. "ಕಾಲು ತೆಗೀತೀರಾ?"

"ಯಾರು ಹೇಳಿದ್ದು? ಗ್ರಹಿಕೆ ಕಮ್ಮಿ ಆಗಿದೆ, ಅಷ್ಟೇ. ಕೀವಾಗಿಲ್ಲ, ಸ್ವಲ್ಪ ಕೆಂಪಾಗಿದೆ. ಇನ್ನೊಂದು ವಾರ ಬಿಟ್ಟಿದ್ರೆ ನನಗೂ ಗೊತ್ತಿಲ್ಲ ಏನಾಗ್ತಿತ್ತು. ಈಗ ಕಣ್ಣು ಮುಚ್ಚಿ. ಈ ಸಲ ನಿಜ ಹೇಳಿ."

ಈ ಸಲ ಅವಳು ನಿಜ ಹೇಳಿದಳು. ಡಾಕ್ಟರು ಕಾಗದದ ಮೇಲೆ ಕಾಲಿನ ಚಿತ್ರ ಬರೆದು, ಅವಳು ಸುಮ್ಮನಿದ್ದ ಕಡೆಯೆಲ್ಲ ಕೆಂಪು ಗುರುತು ಹಾಕಿದರು. ನಾಲ್ಕು ಗುರುತು. ಹಿಮ್ಮಡಿ ತೊಳೆದು ಮುಲಾಮು ಹಚ್ಚಿದರು, ತೋಳಿಗೊಂದು ಚುಚ್ಚುಮದ್ದು ಕೊಟ್ಟರು. ಆಮೇಲೆ ಬ್ಲೇಡಿನ ಕವರನ್ನು ಅವಳ ಕಣ್ಣ ಮುಂದೆಯೇ ಹರಿದು, ಆಣಿಯನ್ನು ಹಪ್ಪಳೆ ಹಪ್ಪಳೆಯಾಗಿ ಹೆರೆದರು. ನೋಯಲಿಲ್ಲ. ನೋಯದಿದ್ದುದಕ್ಕೆ ಅವಳು ಹೆದರಿದಳು. "ಇದು ಸತ್ತ ಚರ್ಮ ಅಮ್ಮಾ, ಇದು ಯಾರಿಗೂ ನೋಯಲ್ಲ," ಅಂತ ಡಾಕ್ಟರೇ ಹೇಳಿದರು.

"ಬೇರು ಎಲ್ಲಿ?"

"ಆಣಿಗೆ ಬೇರಿಲ್ಲ. ಒಂದೇ ಕಡೆ ಒತ್ತಿದರೆ ಚರ್ಮ ದಪ್ಪ ಆಗುತ್ತೆ. ಕತ್ತರಿ ಹಿಡಿದ ನಿಮ್ಮ ಹೆಬ್ಬೆರಳು ನೋಡ್ಕೊಳ್ಳಿ."

"ಮತ್ತೆ ಬರುತ್ತಾ?"

"ಹೀಗೇ ಒತ್ತಿದ್ರೆ ಖಂಡಿತ ಬರುತ್ತೆ."

ಬರುವುದಿಲ್ಲ ಅಂದಿದ್ದರೆ ಅವಳು ಎದ್ದು ಬಂದುಬಿಡುತ್ತಿದ್ದಳೇನೋ. ನಾಲ್ಕು ದಿನಕ್ಕೆ ಕರಗುತ್ತೆ ಅಂದವನಿದ್ದ, ಬೇರು ಸಮೇತ ಕಿತ್ತೆ ಅಂದವನಿದ್ದ. ಖಂಡಿತ ಬರುತ್ತೆ ಅಂದವರು ಇವರೊಬ್ಬರೇ. ಮೆತ್ತನೆಯ ಅಟ್ಟೆಯ ಮುಚ್ಚು ಚಪ್ಪಲಿ ಹಾಕಿಕೊಂಡೇ ಪೆಡಲ್ ಒತ್ತಬೇಕು, ಬರಿಗಾಲು ನೆಲಕ್ಕಿಡಬಾರದು, ದಿನಕ್ಕೊಂದು ಸಲ ಅಂಗಾಲು ಪೂರ್ತಿ ನೋಡಬೇಕು ಅಂತ ಡಾಕ್ಟರು ಒಂದೊಂದಾಗಿ ಹೇಳಿದರು. "ಸೊಂಟ ಬಗ್ಗದಿದ್ರೆ ಮನೆಯಲ್ಲಿ ಯಾರಿಗಾದರೂ ನೋಡೋಕೆ ಹೇಳಿ. ನೋವಿಲ್ಲ ಅಂದರೆ ಏನೂ ಆಗಿಲ್ಲ ಅಂತ ನಂಬಬೇಡಿ. ನಿಮ್ಮ ಕಾಲನ್ನ ನೀವು ನಂಬಲೇಬೇಡಿ."

ಮಧ್ಯಾಹ್ನ ಅವಳು ಕಾರ್ಖಾನೆಗೆ ಹೋದಳು. ಸೂಪರ್‌ವೈಸರಮ್ಮನ ಮೇಜಿನ ಮೇಲೆ ಪಟ್ಟಿ ಬಿಡಿಸಿಟ್ಟಳು. ಅವರು ಪುಸ್ತಕ ತೆಗೆದು, ಮಂಗಳವಾರದ ಹಾಳೆಯ ಎರಡು ಚೂರಿನ ಪಕ್ಕ ಮೊನೆಯನ್ನು ಹಿಡಿದು ನೋಡಿದರು. ಓರೆಗೆ ಓರೆ ಕೂತಿತು. ಅರವತ್ತು ಅಂಗಿಯ ಕಟ್ಟು ಬಿಡುಗಡೆ ಆಯಿತು.

"ಎಲ್ಲಿತ್ತು?" ಅಂತ ಕೇಳಿದವಳು ಗಿಣಿ. ಆರು ದಿನಕ್ಕೆ ಮೊದಲ ಮಾತು. "ನನ್ನ ಸೆರಗಲ್ಲಾ? ನನ್ನ ಊಟದ ಡಬ್ಬಿಯಲ್ಲಾ?"

"ನನ್ನ ಹಿಮ್ಮಡಿಯಲ್ಲಿ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗಿಣಿಯೂ ನಗಲು ಬಾಯಿ ತೆರೆದಳು, ನಗಲಿಲ್ಲ. "ಆರು ದಿನಾನಾ? ಚುಚ್ಚಲಿಲ್ವಾ ಅಕ್ಕಾ?"

"ಇಲ್ಲ."

ಆಮೇಲೆ ಯಾರೂ ನಗಲಿಲ್ಲ. "ತಪ್ಪು ನನ್ನದೇ ಕಣೇ," ಅಂದಳು ಅನುಮಾನಕ್ಕ. ಆ ಮಾತು ಅವಳ ಬಾಯಿಂದ ಬಂದಿದ್ದನ್ನು ಆ ಹಜಾರದಲ್ಲಿ ಮೊದಲು ಕೇಳಿದವರಿರಲಿಲ್ಲ. ಗಿಣಿ ಪೆಡಲಿನ ಕೆಳಗೆ ಬಗ್ಗಿ, ಅಯಸ್ಕಾಂತ ಹಿಡಿದು ಅಕ್ಕನ ಕಾಲಿಡುವ ಜಾಗವನ್ನೆಲ್ಲ ಇನ್ನೊಂದು ಸಲ ಸವರಿದಳು.

ಸಂಜೆ ಮನೆಯಲ್ಲಿ ಅನುಮಾನಕ್ಕ ನಡೆದದ್ದನ್ನೆಲ್ಲ ಹೇಳಿದಳು, ಕೆಂಪು ಗುರುತಿನ ಕಾಗದ ತೋರಿಸಿದಳು. ಯಜಮಾನರು ತಮಾಷೆ ಮಾಡಲಿಲ್ಲ. ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

"ತಾ ಇಲ್ಲಿ ಕಾಲು," ಅಂದರು.

ಅವಳು ಸ್ಟೂಲು ಎಳೆದು ಕೂತು, ಬಲಗಾಲನ್ನು ಅವರ ತೊಡೆ ಮೇಲಿಟ್ಟಳು.

"ನಿಮ್ಮ ಕನ್ನಡಕ ಎಲ್ಲಿ?"

"ಕನ್ನಡಕ ಯಾಕೆ? ಇಷ್ಟು ದೊಡ್ಡ ಕಾಲು ಕಾಣಲ್ವಾ ನನಗೆ?"

"ಬಸ್ಸಿನ ಚಕ್ರ ಅಲ್ಲ ರೀ ಅದು. ಹಾಕ್ಕೊಳ್ಳಿ."

ಹಾಕಿಕೊಂಡರು. ಗ್ರೀಸು ಹತ್ತಿ ಹತ್ತಿ ಒರಟಾದ ಹೆಬ್ಬೆರಳಿನಿಂದ ಒಂದೊಂದು ಕಡೆ ಒತ್ತಿದರು. "ಇಲ್ಲಿ?"

"ಗೊತ್ತಾಗುತ್ತೆ."

"ಇಲ್ಲಿ?"

"ಹೂಂ."

"ಇಲ್ಲಿ?"

"ಇಲ್ಲ," ಅಂದಳು.

ಅವರು ಕೈ ಅಲ್ಲಿಂದ ತೆಗೆಯಲಿಲ್ಲ. ಬಗ್ಗಿ, ಉಸಿರು ಅಂಗಾಲಿಗೆ ತಾಕುವಷ್ಟು ಹತ್ತಿರ ಮುಖ ತಂದು ನೋಡಿದರು. "ಗಾಯ ಇಲ್ಲ. ಡಾಕ್ಟರು ತೆಗೆದ ಜಾಗ ಬಿಟ್ರೆ ಕೆಂಪೂ ಇಲ್ಲ."

"ಸರಿಯಾಗಿ ನೋಡಿದ್ರಾ?"

"ನೋಡಿದೆ ಕಣೇ."

"ಬೆರಳ ಸಂದಿ?"

"ಅದೂ ನೋಡಿದೆ."

"ಅಲ್ಲಿ ನೆರಳು ಬೀಳುತ್ತೆ. ಕಿಟಕಿ ಕಡೆ ತಿರುಗಿಸಿ ನೋಡಿ."

ಯಜಮಾನರು ಬೈಯಲಿಲ್ಲ. ಕಾಲನ್ನು ಕಿಟಕಿ ಕಡೆ ತಿರುಗಿಸಿ, ಕಿರುಬೆರಳಿಂದ ಮತ್ತೆ ಶುರು ಮಾಡಿದರು.